ಪುಸ್ತಕ ಪ್ರಕಾಶನ

ಮೂಡಿಗೆರೆಯ ಕಾಫಿ ಬೆಳೆಗಾರ, ಲೇಖಕ ಕೆ.ಪಿ. ಪೂರ್ಣಚಂದ್ರ ತೇಜಸ್ವಿ (1938–2007) ಅವರ ಕೃತಿಗಳನ್ನು ಹೊರತಂದ ಪ್ರಕಾಶನ ಸಂಸ್ಥೆ. ಲೇಖಕ ಕೇಂದ್ರಿತ ಪ್ರಕಾಶನಕ್ಕೆ ಕನ್ನಡದ ಪ್ರಮುಖ ನಿದರ್ಶನಗಳಲ್ಲಿ ಒಂದು.

ಹಿನ್ನೆಲೆ: ಲೇಖಕರೇ ತಮ್ಮ ಪುಸ್ತಕಗಳ ಪ್ರಕಟಣೆ, ಮಾರಾಟಕ್ಕೆ ನಿಂತದ್ದು ಕನ್ನಡದಲ್ಲಿ ಹೊಸದಲ್ಲ. ಕಾದಂಬರಿಕಾರ ಗಳಗನಾಥರು ತಮ್ಮ ಕಾದಂಬರಿಗಳನ್ನು ಊರೂರಿಗೆ ಹೊತ್ತು ಮಾರಿದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಪ್ರಕಟಣಾಲಯ ನಡೆಸಿದರು. ತೇಜಸ್ವಿಯವರ ತಂದೆ ಕುವೆಂಪು ಅವರ ಹಲವು ಪುಸ್ತಕಗಳು ಮೈಸೂರಿನ ಉದಯರವಿ ಪ್ರಕಾಶನದಿಂದ ಬಂದವು.

ಪ್ರಕಟಣೆಗಳು: 'ಕರ್ವಾಲೊ', 'ಜುಗಾರಿ ಕ್ರಾಸ್' ಕಾದಂಬರಿಗಳ ಮರುಮುದ್ರಣಗಳು, 'ಪರಿಸರದ ಕತೆ' ಹಾಗೂ 16 ಪುಸ್ತಕಗಳ 'ಮಿಲೇನಿಯಮ್' ಸರಣಿ ಮುಖ್ಯವಾದವು.

ತಂತ್ರಜ್ಞಾನ: ಅಚ್ಚುಮೊಳೆ ಜೋಡಿಸಿ ಮುದ್ರಿಸುವ ಕಾಲದಲ್ಲಿ ಲೇಖಕರು ಕರಡು ತಿದ್ದಲು ಮುದ್ರಣಾಲಯವಿರುವ ಪಟ್ಟಣವನ್ನೇ ಅವಲಂಬಿಸಬೇಕಿತ್ತು. ಡಿಟಿಪಿ (ಕಂಪ್ಯೂಟರ್‌ನಲ್ಲಿ ಅಕ್ಷರ ಜೋಡಣೆ), ಆಫ್‌ಸೆಟ್ ಮುದ್ರಣ ಬಂದ ಮೇಲೆ ಪುಟವಿನ್ಯಾಸ ಮಲೆನಾಡಿನ ತೋಟದ ಮನೆಯಲ್ಲೂ ಸಾಧ್ಯವಾಯಿತು. ತೇಜಸ್ವಿ ಸ್ವತಃ ಕಂಪ್ಯೂಟರ್ ಕಲಿತು, ಕನ್ನಡ ತಂತ್ರಾಂಶಕ್ಕಾಗಿ ಒತ್ತಾಯಿಸಿದರು.

ಲೇಖಕರ ಮೇಲಿನ ಪರಿಣಾಮ: ಸ್ವಂತ ಪ್ರಕಾಶನದಲ್ಲಿ ಬೆಲೆ, ಮುಖಪುಟ, ಮರುಮುದ್ರಣದ ನಿರ್ಧಾರ ಲೇಖಕರ ಕೈಯಲ್ಲಿರುತ್ತದೆ, ಗೌರವಧನಕ್ಕೆ ಕಾಯಬೇಕಿಲ್ಲ. ಆದರೆ ಕಾಗದದ ಹಣ, ದಾಸ್ತಾನು, ಅಂಗಡಿಗಳಿಂದ ಬಾಕಿ ವಸೂಲಿ ಅವರದೇ ಹೊಣೆ. ಹೆಸರಾಗದ ಲೇಖಕರಿಗೆ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯೇ ದೊಡ್ಡ ಆಸರೆ. ಅಲ್ಲಿ ಪುಟಕ್ಕಿಷ್ಟು ಎಂದು ದರ ನಿಗದಿಯಾಗುತ್ತದೆ. ಬೇಡಿಕೆಯಷ್ಟೇ ಪ್ರತಿ ಮುದ್ರಿಸುವ ವಿಧಾನ ದಾಸ್ತಾನಿನ ಹೊರೆ ಇಳಿಸಿದೆಯಾದರೂ ಪ್ರತಿಯೊಂದರ ವೆಚ್ಚ ಹೆಚ್ಚು. ಇ-ಪುಸ್ತಕ, ಆಡಿಯೊ ಪುಸ್ತಕಗಳಿಂದಾಗಿ ಈಗ ಮುದ್ರಣ, ಡಿಜಿಟಲ್, ಧ್ವನಿ ಹಕ್ಕುಗಳನ್ನು ಒಪ್ಪಂದದಲ್ಲಿ ಬೇರೆಬೇರೆಯಾಗಿ ನಮೂದಿಸುವುದು ಅಗತ್ಯವಾಗಿದೆ.