ಹಾವಿನ ವಿಷವೂ ಸಾರಗ್ರಾಹಿ ವೈದ್ಯರೂ

ಕನ್ನಂಬಾಡಿಯ ನೀರು ನಾಲೆಗಳಲ್ಲಿ ಹರಿದುಬಂದ ಮೇಲೆ ಮಂಡ್ಯ, ಮದ್ದೂರು, ಮಳವಳ್ಳಿಯ ಸೀಮೆಗಳಲ್ಲಿ ಬತ್ತವೂ ಕಬ್ಬೂ ತುಂಬಿಕೊಂಡುವು. ಬತ್ತವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಹಾವು. ಬದುವಿನ ಮೇಲೆ ಕತ್ತಲಲ್ಲಿ ಕೊಳಕುಮಂಡಲವನ್ನು ತುಳಿದ ರೈತನಿಗೆ ಯಾವ ಬೇರನ್ನು ಅರೆದು ಕೊಡಬೇಕು? ಈ ಪ್ರಶ್ನೆಗೆ ಉತ್ತರ ಹೇಳಹೊರಟ ಎರಡು ಗ್ರಂಥಪರಂಪರೆಗಳ ವಿಚಾರವನ್ನು ಶ್ರೋತೃಗಳಲ್ಲಿ ನಿವೇದಿಸಬೇಕೆಂದಿದ್ದೇನೆ.

ಮೊದಲನೆಯದು ನಮ್ಮದೇ. ವಿಜಯನಗರದ ಹರಿಹರರಾಯನ ಕಾಲದಲ್ಲಿ, ಸುಮಾರು 1360ರಲ್ಲಿ, ಜೈನಕವಿ ಮಂಗರಾಜನು ‘ಖಗೇಂದ್ರಮಣಿದರ್ಪಣ’ವೆಂಬ ವಿಷವೈದ್ಯ ಗ್ರಂಥವನ್ನು ರಚಿಸಿದನು. ಖಗೇಂದ್ರನೆಂದರೆ ಹಾವುಗಳ ವೈರಿಯಾದ ಗರುಡನಷ್ಟೆ. ಸ್ಥಾವರವಿಷ, ಜಂಗಮವಿಷಗಳೆರಡನ್ನೂ ಆತನು ಕನ್ನಡ ಪದ್ಯದಲ್ಲಿ ವಿವರಿಸಿದ್ದಾನೆ. ಅವನಿಗೆ ಇನ್ನೂರು ವರ್ಷಗಳ ಹಿಂದೆಯೇ ಜಗದ್ದಳ ಸೋಮನಾಥನು ಪೂಜ್ಯಪಾದರ ‘ಕಲ್ಯಾಣಕಾರಕ’ವನ್ನು ಕನ್ನಡಕ್ಕೆ ತಂದಿದ್ದನು, ಅದರ ಚಿಕಿತ್ಸೆಯಲ್ಲಿ ಮದ್ಯಮಾಂಸಗಳಿಗೆ ಎಡೆಯಿಲ್ಲ. ಯಾವುದನ್ನು ಕೊಡಬೇಕೆಂಬುದರಷ್ಟೇ ಯಾವುದನ್ನು ಕೊಡಲಾಗದೆಂಬುದೂ ಆ ವೈದ್ಯರಿಗೆ ಮುಖ್ಯವಾಗಿದ್ದಿತು.

ಇನ್ನೊಂದು ಪರಂಪರೆ ಅಮೆರಿಕದ್ದು. ಅಲ್ಲಿ 19ನೆಯ ಶತಮಾನದಲ್ಲಿ ಎಕ್ಲೆಕ್ಟಿಕ್ ಎಂಬ ಹೆಸರಿನ ವೈದ್ಯರ ಪಂಥವೊಂದು ಹುಟ್ಟಿತು; ಸಾರಗ್ರಾಹಿಗಳು ಎನ್ನೋಣ. ಎಲ್ಲ ಪದ್ಧತಿಗಳಿಂದಲೂ ಹಿತವಾದುದನ್ನು ಆರಿಸಿಕೊಳ್ಳುವುದೇ ಅವರ ಪ್ರತಿಜ್ಞೆ. ವೂಸ್ಟರ್ ಬೀಚನು 1833ರಲ್ಲಿ ಮೂರು ಸಂಪುಟಗಳ ಗ್ರಂಥವನ್ನು ಪ್ರಕಟಿಸಿದನು. 1845ರಲ್ಲಿ ಸಿನ್ಸಿನಾಟಿ ನಗರದಲ್ಲಿ ವಿದ್ಯಾಲಯವು ಸ್ಥಾಪಿತವಾಯಿತು. ಜಾನ್ ಕಿಂಗನ ಔಷಧಕೋಶವನ್ನು ಫೆಲ್ಟರ್ ಮತ್ತು ಲಾಯ್ಡರು 1898ರಲ್ಲಿ ಪರಿಷ್ಕರಿಸಿದರು. ಇವರಿಗೂ ಒಂದು ನಿಷೇಧವಿದ್ದಿತು: ರೋಗಿಯ ರಕ್ತವನ್ನು ಹರಿಸಲಾಗದು, ಹಲ್ಲು ದವಡೆಗಳನ್ನು ಕೆಡಿಸುವ ಪಾದರಸದ ಕ್ಯಾಲೊಮೆಲನ್ನು ಕೊಡಲಾಗದು. ಅದಕ್ಕೆ ಬದಲಾಗಿ ಕಿಂಗನು ಪೊಡೊಫಿಲಮ್ ಬೇರಿನ ರಾಳವನ್ನು ಬಳಕೆಗೆ ತಂದನು.

ಹಾವಿನ ಮಾತು ಬರುವುದು ಇಲ್ಲಿಯೇ. 1880ರ ದಶಕದಲ್ಲಿ ನೆಬ್ರಾಸ್ಕಾ ಪ್ರಾಂತದ ಮೇಯರ್ ಎಂಬಾತನು ತನ್ನ ಔಷಧದ ಬೇರೊಂದನ್ನು ಕಿಂಗ್, ಲಾಯ್ಡರಿಗೆ ಕಳುಹಿಸಿ, ಹಾವಿನ ವಿಷವನ್ನೂ ಅದು ಇಳಿಸುವುದೆಂದು ಬರೆದನು. ನಂಬದಿದ್ದರೆ ನಿಮ್ಮೆದುರಿಗೇ ಗಿಲಿಕೆಹಾವಿನಿಂದ ಕಚ್ಚಿಸಿಕೊಳ್ಳುವೆನೆಂದನು! ಅವರು ಒಪ್ಪಲಿಲ್ಲ. ಒಪ್ಪದಿದ್ದುದು ಮೇಯರನ ಪುಣ್ಯವೆಂದು ನನ್ನ ಅಭಿಪ್ರಾಯ. ಲಾಯ್ಡನು ಆ ಬೇರನ್ನು ಎಕಿನೇಸಿಯವೆಂದು ಗುರುತಿಸಿದನು. ಮೊದಲು ಸಂಶಯಪಟ್ಟವನ ಔಷಧಶಾಲೆಯಲ್ಲಿಯೇ ಅದು ಮುಂದೆ ಹೇರಳವಾಗಿ ಮಾರಾಟವಾಯಿತು.

ಆರಿಸಿಕೊಳ್ಳುವೆವೆಂದವರು ಪರೀಕ್ಷೆಯಿಲ್ಲದೆ ಆರಿಸಿದರೆ ಆ ಪ್ರತಿಜ್ಞೆಗೆ ಏನು ಬೆಲೆ? ಪೊಡೊಫಿಲಮ್ಮನ್ನು ಮುಂದಿನವರು ಪರೀಕ್ಷಿಸಿದರು. ಅದರ ಸತ್ತ್ವದಿಂದ ಸಿದ್ಧವಾದ ಎಟೊಪೊಸೈಡ್ ಈಗಲೂ ಅರ್ಬುದರೋಗಕ್ಕೆ ಮದ್ದು. ಆ ಗಿಡದ ಸೋದರಿಯೊಂದು ನಮ್ಮ ಹಿಮಾಲಯದಲ್ಲಿಯೂ ಬೆಳೆಯುತ್ತದೆ. ಎಕಿನೇಸಿಯವಾದರೋ ಹಾವಿನ ವಿಷದೆದುರು ನಿಲ್ಲಲಿಲ್ಲ. ಮಂಗರಾಜನ ಗ್ರಂಥವನ್ನು ನಾವು ಕನ್ನಡದ ಶಾಸ್ತ್ರಸಾಹಿತ್ಯವೆಂದು ಆದರದಿಂದ ಓದಬೇಕು. ಕಚ್ಚಿಸಿಕೊಂಡವನ ಪಕ್ಕದಲ್ಲಿ ಕುಳಿತು ಓದಲಾಗದು. ವಿಷವನ್ನು ಅಲ್ಪಪ್ರಮಾಣದಿಂದ ಮೊದಲುಮಾಡಿ ಕುದುರೆಗೆ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿವಿಷವನ್ನು ಬೇರ್ಪಡಿಸುವ ಕ್ರಮವನ್ನು ಕಾಲ್ಮೆಟ್ಟನು 1890ರ ದಶಕದಲ್ಲಿ ತೋರಿಸಿಕೊಟ್ಟನು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕಕ್ಕೂ ಸಲ್ಲುವ ಪ್ರತಿವಿಷವು ಈಗ ನಮ್ಮ ದೇಶದಲ್ಲಿಯೇ ತಯಾರಾಗುತ್ತದೆ.

ಸಿನ್ಸಿನಾಟಿಯ ವಿದ್ಯಾಲಯದಿಂದ ಕಡೆಯ ತರಗತಿಯವರು ಹೊರಬಂದುದು 1939ರಲ್ಲಿ. ಮಂಡ್ಯವು ಪ್ರತ್ಯೇಕ ಜಿಲ್ಲೆಯಾದುದೂ ಅದೇ ವರ್ಷ. ಮಳವಳ್ಳಿಯ ಗದ್ದೆಯಲ್ಲಿ ಹಾವು ಕಚ್ಚಿದವನ ಗಾಯವನ್ನು ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಆ ಅಂಗವನ್ನು ಅಲುಗಿಸದಂತೆ ಮಲಗಿಸಿ, ಕೂಡಲೆ ಆಸ್ಪತ್ರೆಗೆ ಸಾಗಿಸತಕ್ಕದ್ದು.