ಸರೋಜಿನಿ ನಗರದ ಮರಗಳು ಕೇಳಿದ ಪ್ರಶ್ನೆ



ಪಿಂಕ್ ಲೈನ್ ಮೆಟ್ರೋದಲ್ಲಿ ನಮ್ಮ ಸರ್ ವಿಶ್ವೇಶ್ವರಯ್ಯನವರ ಹೆಸರಿನ ಮೋತಿ ಬಾಗ್ ನಿಲ್ದಾಣದಿಂದ ಎರಡನೆಯದೇ ಸರೋಜಿನಿ ನಗರ. ಬಟ್ಟೆ ಚೌಕಾಸಿಗೆಂದು ನೀವೂ ಅಲ್ಲಿ ಇಳಿದಿರುತ್ತೀರಿ. ಮಾರುಕಟ್ಟೆಯ ಗದ್ದಲದಾಚೆಗಿನ ಸರ್ಕಾರಿ ಕಾಲೊನಿಗೆ ಇನ್ನೊಂದು ಕಥೆಯಿದೆ. ಅದು ಹವಾಮಾನ ಬದಲಾವಣೆ ಕುರಿತ ದೇಶದ ನೀತಿಯ ಕಥೆಯೂ ಹೌದು.

2008ರ ಜೂನ್ 30ರಂದು ಪ್ರಧಾನಿ ಮನಮೋಹನ್ ಸಿಂಗ್ ಹವಾಮಾನ ಬದಲಾವಣೆಯ ರಾಷ್ಟ್ರೀಯ ಕ್ರಿಯಾ ಯೋಜನೆಯನ್ನು ಬಿಡುಗಡೆ ಮಾಡಿದರು. ಸೌರಶಕ್ತಿ, ನೀರು, ಕೃಷಿ, ಹಿಮಾಲಯ ಹೀಗೆ ಒಟ್ಟು ಎಂಟು ಮಿಷನ್‌ಗಳು. ಹಸಿರು ಭಾರತದ ಹೊಣೆ ಪರಿಸರ ಸಚಿವಾಲಯಕ್ಕೆ, ನಗರಗಳ ಸುಸ್ಥಿರ ವಸತಿಯ ಹೊಣೆ ನಗರಾಭಿವೃದ್ಧಿ ಸಚಿವಾಲಯಕ್ಕೆ. ಮರುವರ್ಷ ಪರಿಸರ ಖಾತೆ ವಹಿಸಿಕೊಂಡವರು ಚಿಕ್ಕಮಗಳೂರಿನಲ್ಲಿ ಹುಟ್ಟಿದ ಜೈರಾಮ್ ರಮೇಶ್. 2015ರಲ್ಲಿ ಪ್ಯಾರಿಸ್ ಒಪ್ಪಂದಕ್ಕೆ ಮುನ್ನ ಭಾರತ ಮತ್ತೊಂದು ಮಾತು ಕೊಟ್ಟಿತು: 2030ರೊಳಗೆ ಕಾಡು ಮತ್ತು ಮರಗಳ ಮೂಲಕ 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡನ್ನು ಹೆಚ್ಚುವರಿಯಾಗಿ ಹೀರಿಸುತ್ತೇವೆ ಎಂದು.

ಮಾತು ಕೊಟ್ಟು ವರ್ಷ ತುಂಬುವ ಮೊದಲೇ, 2016ರ ಜುಲೈನಲ್ಲಿ, ದಕ್ಷಿಣ ದೆಹಲಿಯ ಏಳು ಸರ್ಕಾರಿ ಕಾಲೊನಿಗಳ ಮರುನಿರ್ಮಾಣಕ್ಕೆ ಕೇಂದ್ರ ಸಂಪುಟ ಒಪ್ಪಿತು. 12,970 ಹಳೆಯ ಮನೆಗಳ ಜಾಗದಲ್ಲಿ ಸುಮಾರು 25,667 ಹೊಸ ಮನೆಗಳು. ಕ್ವಾರ್ಟರ್ಸ್‌ಗಾಗಿ ವರ್ಷಗಟ್ಟಲೆ ಕಾದ ನೌಕರರಿಗೆ ಅದು ಬೇಕಾಗಿಯೇ ಇತ್ತು. ಆದರೆ ಅದಕ್ಕಾಗಿ 14,000ಕ್ಕೂ ಹೆಚ್ಚು ಮರಗಳು ಉರುಳಬೇಕಿತ್ತು. ಒಂದು ಮರಕ್ಕೆ ಹತ್ತು ಸಸಿ ನೆಡುತ್ತೇವೆ ಎಂಬ ಸಮಾಧಾನವೂ ಸಿಕ್ಕಿತು. ದೂರದಲ್ಲೆಲ್ಲೋ ನೆಟ್ಟ ಸಸಿ ಮೇ ತಿಂಗಳ ಬಿಸಿಲಲ್ಲಿ ಇಲ್ಲಿ ನಡೆಯುವವರಿಗೆ ನೆರಳಾದೀತೇ?

2018ರ ಜೂನ್ 24ರ ಭಾನುವಾರ ಜನ ಸರೋಜಿನಿ ನಗರಕ್ಕೆ ಬಂದು ಮರಗಳನ್ನು ಅಪ್ಪಿಕೊಂಡರು. ನಮಗಿದು ಹೊಸತಲ್ಲ. 1983ರ ಸೆಪ್ಟೆಂಬರಿನಲ್ಲೇ ಶಿರಸಿಯ ಸಲ್ಕಣಿಯ ಕಾಡಿನಲ್ಲಿ ‘ಅಪ್ಪಿಕೋ’ ಚಳವಳಿ ಹುಟ್ಟಿತ್ತು. ಮರುದಿನ ದೆಹಲಿ ಹೈಕೋರ್ಟಿನಲ್ಲಿ ಪ್ರಕರಣ ವಿಚಾರಣೆಗೆ ಬಂತು, ಕಡಿತಕ್ಕೆ ತಡೆ ಬಿತ್ತು. ಕ್ರಿಯಾ ಯೋಜನೆಗೆ ಹತ್ತು ವರ್ಷ ತುಂಬಲು ಆಗ ಐದೇ ದಿನ ಬಾಕಿ! ನಂತರ ಸರ್ಕಾರ ನಕ್ಷೆಗಳನ್ನು ಮರುಪರಿಶೀಲಿಸುವ ಮಾತಾಡಿತು.

ಗಮನಿಸಿ, ಸುಸ್ಥಿರ ವಸತಿಯ ಮಿಷನ್ ಹೊತ್ತ ಸಚಿವಾಲಯವೇ ಈ ಮರುನಿರ್ಮಾಣದ ಯಜಮಾನನೂ ಆಗಿತ್ತು. ಮಿಷನ್‌ನ ಕಡತ ಒಂದು ಮೇಜಿನ ಮೇಲಿದ್ದರೆ ಕಟ್ಟಡದ ನಕ್ಷೆ ಇನ್ನೊಂದರ ಮೇಲೆ. ಎರಡನ್ನೂ ಒಟ್ಟಿಗಿಟ್ಟು ನೋಡುವವರಿಲ್ಲದಿದ್ದರೆ ಎಂಟಲ್ಲ, ಎಂಬತ್ತು ಮಿಷನ್ ಬಂದರೂ ಅಷ್ಟೇ. 2021ರಲ್ಲಿ ಗ್ಲಾಸ್ಗೋದಲ್ಲಿ ಭಾರತ 2070ರ ನಿವ್ವಳ ಶೂನ್ಯದ ಗುರಿ ಸಾರಿದೆ. ಆ ಗುರಿಯ ಪರೀಕ್ಷೆ ನಡೆಯುವುದು ಇಂಥ ಕಾಲೊನಿಗಳಲ್ಲೇ.

ಮುಂದಿನ ಸಲ ಸರೋಜಿನಿ ನಗರಕ್ಕೆ ಹೋದಾಗ ಚೀಲ ತುಂಬಿದ ಮೇಲೆ ಒಂದು ಸುತ್ತು ಕಾಲೊನಿಯ ಕಡೆಗೂ ಹಾಕಿ. ಉಳಿದ ಮರದ ನೆರಳಲ್ಲಿ ಐದು ನಿಮಿಷ ನಿಂತು ಬನ್ನಿ.