ತಗಡಿನ ಡಬ್ಬದಲ್ಲಿ ಬಂದ ರೋಮ್

ಮೊನ್ನೆ ಚಾಲೈ ಪೇಟೆಯಲ್ಲಿ ಬೆಲ್ಲ ತೂಗುತ್ತಿದ್ದ ಅಂಗಡಿಯವನು ಕೇಳಿದ: "ಸಾರ್, ಈ ಸಲ ಪಾಸ್ ಮಾಡಿಸಿದ್ರಾ?" ಬಸ್ ಪಾಸಲ್ಲ ಮಾರಾಯ್ರೆ, ಚಿತ್ರೋತ್ಸವದ ಪಾಸ್! ಬೆಲ್ಲದಂಗಡಿಯವನು ಇರಾನಿ ಸಿನಿಮಾದ ಬಗ್ಗೆ ವಾದಕ್ಕೆ ನಿಲ್ಲುವ ಊರು ಈ ತಿರುವನಂತಪುರ. ವರ್ಗವಾಗಿ ಇಲ್ಲಿಗೆ ಬಂದು ಇಪ್ಪತ್ತೈದು ವರ್ಷ ದಾಟಿತು. ಈ ಹುಚ್ಚು ಇಲ್ಲಿ ಹೇಗೆ ಹತ್ತಿತು ಎಂದು ಕೆದಕುತ್ತಾ ಹೋದವನಿಗೆ ಸಿಕ್ಕಿದ್ದು ನಮ್ಮೂರಿನದೇ ಕತೆ.

1965ರಲ್ಲಿ ಅಡೂರ್ ಗೋಪಾಲಕೃಷ್ಣನ್ ಮತ್ತು ಗೆಳೆಯರು ಇಲ್ಲಿ 'ಚಿತ್ರಲೇಖಾ' ಫಿಲ್ಮ್ ಸೊಸೈಟಿ ಶುರು ಮಾಡಿದರು. ಆಗ ವಿದೇಶಿ ಚಿತ್ರ ನೋಡಬೇಕೆಂದರೆ ರೀಲುಗಳ ಡಬ್ಬ ಎಲ್ಲಿಂದಲೋ ಬರಬೇಕು. ರಾಯಭಾರ ಕಚೇರಿಗಳು ಕೊಡುತ್ತಿದ್ದವು, ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಕಳಿಸುತ್ತಿತ್ತು. ಹಾಗೆ ಚಿತ್ರ ನೋಡಿಯೂ ತೋರಿಸಿಯೂ ಬೆಳೆದ ಬಳಗವೇ 1972ರಲ್ಲಿ 'ಸ್ವಯಂವರಂ' ಮಾಡಿತು. 1984ರಲ್ಲಿ ಜಾನ್ ಅಬ್ರಹಾಂ ಮತ್ತು ಗೆಳೆಯರು ಕೋಝಿಕ್ಕೋಡಿನಲ್ಲಿ 'ಒಡೆಸ್ಸಾ' ಕಟ್ಟಿ, ಜನರಿಂದ ಚಂದಾ ಎತ್ತಿ 'ಅಮ್ಮ ಅರಿಯಾನ್' ತೆಗೆದರು. 1996ರಲ್ಲಿ ಕೇರಳದ ಅಂತಾರಾಷ್ಟ್ರೀಯ ಚಿತ್ರೋತ್ಸವ ಶುರುವಾಯಿತು. ಆಮೇಲೆ ಅದು ತಿರುವನಂತಪುರದಲ್ಲೇ ನೆಲೆ ನಿಂತಿತು. 2021ರ ಫೆಬ್ರವರಿಯಲ್ಲಿ ಕೋವಿಡ್ ಕಾರಣಕ್ಕೆ ಕೊಚ್ಚಿ ಸೇರಿ ನಾಲ್ಕು ಊರುಗಳಿಗೆ ಅದನ್ನು ಹಂಚಿದ್ದರು.

ಈಗ ನಮ್ಮೂರಿಗೆ ಬರುತ್ತೇನೆ. ನಾನು ಸಾಗರದ ಕಡೆಯವನು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ ಇದೆಯಲ್ಲ, ಅವರು 1973ರಲ್ಲೇ ಚಿತ್ರಸಮಾಜ ತೆರೆದಿದ್ದರು. ಎಂಬತ್ತರ ದಶಕದ ಆರಂಭವಿರಬೇಕು, ಅಪ್ಪಯ್ಯ ನನ್ನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಅಲ್ಲಿಗೆ ಹೋಗಿದ್ದರು. ಡಿ ಸಿಕಾ ಅವರ 'ಬೈಸಿಕಲ್ ಥೀವ್ಸ್', 1948ರ ಇಟಲಿಯ ಚಿತ್ರ. ಭಾಷೆ ಒಂದಕ್ಷರ ಗೊತ್ತಿಲ್ಲ. ಸೈಕಲ್ ಕಳಕೊಂಡ ಅಪ್ಪ, ಜೊತೆಗೆ ಓಡುವ ಮಗ, ರೋಮ್ ನಗರದ ಬೀದಿಗಳು... ಅಷ್ಟೇ ಸಾಕಾಗಿತ್ತು. ಚಿತ್ರ ಮುಗಿದದ್ದೇ ಅಪ್ಪಯ್ಯ ದಡದಡ ಹೊರಗೆ ಓಡಿದರು. ತಮ್ಮ ಸೈಕಲ್ ಇದೆಯೋ ಇಲ್ಲವೋ ನೋಡಲಿಕ್ಕೆ!

ದಾರಿಯಲ್ಲಿ ಅಂದರು, "ರೋಮಿನಲ್ಲೂ ನಮ್ಮಂಥವರೇ ಇರ್ತಾರಲ್ಲೋ. ಒಂದ್ಸಲ ನೋಡ್ಬೇಕಿತ್ತು."

ಪುಣೆಯ ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದವರು ಪಿ.ಕೆ. ನಾಯರ್. ಹೆಗ್ಗೋಡಿನ ರೈತರಿಗೆ ಜಗತ್ತಿನ ಸಿನಿಮಾ ತಲುಪಿಸಿದ್ದರಲ್ಲಿ ಅವರ ಪಾಲು ದೊಡ್ಡದು. 2012ರ 'ಸೆಲ್ಯುಲಾಯ್ಡ್ ಮ್ಯಾನ್' ಸಾಕ್ಷ್ಯಚಿತ್ರ ನೋಡಿದಾಗ ನನಗದು ತಿಳಿಯಿತು. ಅವರು ಹುಟ್ಟಿದ್ದು ಎಲ್ಲಿ ಗೊತ್ತೇ? ಇದೇ ತಿರುವನಂತಪುರದಲ್ಲಿ, 1933ರಲ್ಲಿ. ಈ ಊರಿನ ಮನುಷ್ಯ ನಮ್ಮೂರಿಗೆ ರೋಮ್ ಕಳಿಸಿದ್ದ, ಬ್ಯಾಂಕು ನನ್ನನ್ನು ಅವನ ಊರಿಗೆ ಕಳಿಸಿತು. ಲೆಕ್ಕ ಸರಿಹೋಯಿತು ಅನ್ನಿ.

ಆದರೆ ಒಂದು ಲೆಕ್ಕ ಹಾಗೇ ಉಳಿಯಿತು. ಮೊದಲ ಸಂಬಳ ಬಂದಾಗ ಅಪ್ಪಯ್ಯನಿಗೆ, "ನಿಮ್ಮನ್ನು ರೋಮಿಗೆ ಕರಕೊಂಡು ಹೋಗ್ತೇನೆ" ಎಂದಿದ್ದೆ. ಮನೆ ಸಾಲ, ಮಗಳ ಫೀಸು, ಮುಂದಿನ ವರ್ಷ ಎನ್ನುತ್ತಲೇ ದಿನ ಹೋಯಿತು. 2011ರಲ್ಲಿ ಅವರು ತೀರಿಕೊಂಡರು. ಪಾಸ್‌ಪೋರ್ಟಿಗೆ ಅರ್ಜಿಯನ್ನೂ ಹಾಕಿರಲಿಲ್ಲ.

ನನಗೆ ಹತ್ತಿದ ಕನಸು ಬೇರೆ, ಕೊರಿಯಾದ್ದು. ಕಿಮ್ ಕಿ-ಡುಕ್ ಅವರ 2003ರ ಚಿತ್ರ 'ಸ್ಪ್ರಿಂಗ್, ಸಮ್ಮರ್, ಫಾಲ್, ವಿಂಟರ್... ಅಂಡ್ ಸ್ಪ್ರಿಂಗ್'. ನೀರಿನ ನಡುವೆ ತೇಲುವ ಪುಟ್ಟ ಗುಡಿ, ಒಬ್ಬ ಗುರು, ಒಬ್ಬ ಹುಡುಗ. ಕೇರಳದ ಮಂದಿಗೆ ಅವರೆಂದರೆ ಎಷ್ಟು ಹುಚ್ಚೆಂದರೆ, 2013ರ ಉತ್ಸವಕ್ಕೆ ಅವರು ಬಂದಾಗ ಸ್ಟಾರ್ ನಟ ಬಂದಂತೆ ಮುತ್ತಿಕೊಂಡಿದ್ದರು. ಮುಂದೆ 2017-18ರಲ್ಲಿ ನಟಿಯರು ಅವರ ಮೇಲೆ ಗಂಭೀರ ಆರೋಪಗಳನ್ನು ಮಾಡಿದರು. 2020ರ ಡಿಸೆಂಬರಿನಲ್ಲಿ ಲಾಟ್ವಿಯಾದಲ್ಲಿ ಕೋವಿಡ್‌ನಿಂದ ಅವರು ತೀರಿಕೊಂಡರು. ಮನುಷ್ಯನ ಮೇಲಿದ್ದ ಅಭಿಮಾನ ಇಳಿಯಿತು, ಆ ನೀರಿನ ಆಸೆ ಮಾತ್ರ ಇಳಿಯಲಿಲ್ಲ.

ಆ ಜಾಗದ ಹೆಸರು ಜೂಸಾನ್‌ಜಿ. ಗುಡಿ ಚಿತ್ರಕ್ಕೆಂದೇ ಹಾಕಿದ ಸೆಟ್. ಶೂಟಿಂಗ್ ಮುಗಿದ ಮೇಲೆ ಅದನ್ನು ತೆಗೆದುಬಿಟ್ಟಿದ್ದಾರೆ.

ನನ್ನವಳು ಕೇಳಿದಳು, "ರೀ, ಗುಡಿಯೇ ಇಲ್ಲ ಅಂದ ಮೇಲೆ ಅಲ್ಲಿ ಹೋಗಿ ಏನು ನೋಡ್ತೀರಿ?"

ನಿಜವೇ. ಆದರೆ ಅದು ಗದ್ದೆಗಳಿಗೆ ನೀರುಣಿಸಲು ಸುಮಾರು 300 ವರ್ಷಗಳ ಹಿಂದೆ ರೈತರಿಗಾಗಿ ಕಟ್ಟಿದ ಕೆರೆಯಂತೆ. ಈಗಲೂ ಅದರ ನೀರಿನೊಳಗೆ ಹಳೆಯ ಮರಗಳು ನಿಂತಿವೆ. ಅಪ್ಪಯ್ಯ ಇದ್ದಿದ್ದರೆ, ಇದರ ತೂಬು ಎಲ್ಲಿದೆಯೋ ಎಂದು ಮೊದಲು ಕೇಳುತ್ತಿದ್ದರು.

ಕಳೆದ ತಿಂಗಳು ನಮ್ಮಿಬ್ಬರ ಪಾಸ್‌ಪೋರ್ಟ್ ಬಂತು. ನಿವೃತ್ತಿಯಾಗಲಿ ಎಂದು ಕಾಯುವುದಿಲ್ಲ. ರಜೆಗೆ ಅರ್ಜಿ ಕೊಟ್ಟಾಗಿದೆ. ಆ ತೂಬು ಎಲ್ಲಿದೆ ಎಂದು ನೋಡಿ ಬಂದು ನಿಮಗೂ ಹೇಳುತ್ತೇನೆ.